ಶಿವನಂಜಮ್ಮನವರ ಎರಡನೆಯ ಕೀ

ಶಿವನಂಜಮ್ಮನವರು ಯಾವ ಕಚೇರಿಗೆ ಹೋದರೂ ಕುರ್ಚಿಯ ಮೇಲೆ ಕೂರುವವರಲ್ಲ. ಎದುರಿನವರು ಎಷ್ಟೇ ಉಪಚರಿಸಲಿ, ಬಂದ ಕೆಲಸ ಆಗುವವರೆಗೂ ಮೇಜಿನ ಅಂಚಿಗೆ ಎರಡೂ ಅಂಗೈ ಊರಿ ನಿಂತೇ ಇರುತ್ತಾರೆ. ಕೂತರೆ ಕೋಪ ಇಳಿದುಹೋಗುತ್ತದೆ, ಐವತ್ತನಾಲ್ಕರ ವಯಸ್ಸಿನಲ್ಲಿ ಇಳಿದ ಕೋಪವನ್ನು ಮತ್ತೆ ಏರಿಸಿಕೊಳ್ಳುವುದು ಕಷ್ಟ ಎಂಬುದು ಅದಕ್ಕೆ ಅವರು ಕೊಡುವ ಕಾರಣ.

ಲೊಕ್ಕನಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ಅವರು ಡಾಕ್ಟರ ಕೈಕೆಳಗಿನ ಪರೀಕ್ಷಕಿ. ಹುದ್ದೆಯ ಹೆಸರು ಅಷ್ಟೇ ಆದರೂ ಸುತ್ತಣ ಹಳ್ಳಿಗಳ ಪಾಲಿಗೆ ಡಾಕ್ಟ್ರಮ್ಮ. ಹೋರಿಗಳ ವೀರ್ಯದ ನಳಿಕೆಗಳನ್ನು ತಣ್ಣಗಿಡುವ ಭಾರದ ಕ್ಯಾನನ್ನು ಇಪ್ಪತ್ತೆಂಟು ವರ್ಷ ಎಡಗೈಯಲ್ಲೇ ಹೊತ್ತು ಅಲೆದ ಫಲವಾಗಿ ಅವರ ಎಡಭುಜ ಬಲದ್ದಕ್ಕಿಂತ ಒಂದಿಷ್ಟು ಇಳಿದು, ನಡಿಗೆಗೆ ಶಾಶ್ವತವಾದ ಓರೆಯೊಂದು ಬಂದುಬಿಟ್ಟಿದೆ. ಬರಿಗೈಯಲ್ಲಿ ಮದುವೆಮನೆಗೆ ಹೋಗುವಾಗಲೂ ಕಣ್ಣಿಗೆ ಕಾಣದ ಕ್ಯಾನೊಂದನ್ನು ಹೊತ್ತವರಂತೆಯೇ ನಡೆಯುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರಟು, ಶರಟಿನ ಜೇಬಿನಲ್ಲಿ ಥರ್ಮಾಮೀಟರು, ಪೆನ್ನು, ಎಲೆಯಡಿಕೆಯ ಪೊಟ್ಟಣ, ಕಾರಿನ ಕೀ. ಯಾರಾದರೂ ಒಪ್ಪಲಾಗದ ಮಾತಾಡಿದರೆ ‘ಅದೆಂಗೆ?’ ಎನ್ನುವುದು ರೂಢಿ. ಮೊದಲ ‘ಅದೆಂಗೆ’ ಜೋರು, ಎರಡನೆಯದು ಮೆಲ್ಲಗೆ, ಮೂರನೆಯದು ಪಿಸುಮಾತು. ಅವರನ್ನು ಬಲ್ಲವರು ಮೂರನೆಯದು ಬರುವುದಕ್ಕೆ ಮೊದಲೇ ದಾರಿ ಬಿಡುತ್ತಾರೆ.

ಆ ಕಾರನ್ನು ಅವರು ಕೊಂಡದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಯಳಂದೂರಿನ ನಿವೃತ್ತ ಮೇಷ್ಟರೊಬ್ಬರಿಂದ, ತಮ್ಮದೇ ಸಂಬಳದಲ್ಲಿ, ತಮ್ಮದೇ ಹೆಸರಿಗೆ. ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗದ ಮುಂದೆ ಕೂತು ಬಾಳನ್ನೆಲ್ಲ ನೇಯ್ದ ಅವರ ಗಂಡ ದೇವಣ್ಣನಿಗೆ ಸೈಕಲ್ಲಿನಾಚೆಗೆ ಯಾವ ವಾಹನವೂ ಒಲಿದದ್ದಿಲ್ಲ. ಮೇಷ್ಟರು ಕೊಟ್ಟದ್ದು ಒಂದೇ ಕೀ. ಇನ್ನೊಂದನ್ನು ಮೊಮ್ಮಗು ಎಲ್ಲೋ ಎಸೆದಿತ್ತಂತೆ. ಕಾಡಂಚಿನ ಊರುಗಳಲ್ಲಿ ತಿರುಗುವವಳಿಗೆ ಒಂದೇ ಕೀ ಸಾಲದೆಂದು ಶಿವನಂಜಮ್ಮನವರು ಒಂದು ರಜೆಯ ದಿನ ದೇವಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮೈಸೂರಿನ ಸರ್ವಿಸ್ ಸೆಂಟರೊಂದಕ್ಕೆ ಹೋದರು.

ಅಲ್ಲಿ ಹೇಮಂತ್ ಎಂಬ ಇಸ್ತ್ರಿ ಅಂಗಿಯ ಯುವಕ ಅವರನ್ನು ಎದುರುಗೊಂಡ. ಪ್ರಶ್ನೆ ಕೇಳಿದವರು ಶಿವನಂಜಮ್ಮ. ಉತ್ತರವೆಲ್ಲ ಹೋದದ್ದು ದೇವಣ್ಣನಿಗೆ. ಕಾರಿನ ಒಡತಿ ಮೇಜಿನ ಮುಂದೆ ನಿಂತಿರುವಾಗ, ನೀರಿನ ಫಿಲ್ಟರಿನ ಪಕ್ಕದಲ್ಲಿ ಮುದುಡಿ ಕೂತಿದ್ದ ಮನುಷ್ಯನ ಕಡೆಗೇ ಮುಖ ತಿರುಗಿಸಿ ಅವನು, ಒಂದೇ ಕೀ ಇರುವುದರಿಂದ ಬಾಗಿಲಿನ ಬೀಗಗಳು, ಸ್ಟಾರ್ಟ್ ಮಾಡುವ ಬೀಗ, ಒಳಗಿನ ಕಂಪ್ಯೂಟರು ಎಲ್ಲವನ್ನೂ ಒಂದು ಸೆಟ್ಟಾಗಿ ಬದಲಾಯಿಸಬೇಕೆಂದೂ, ಇಪ್ಪತ್ತಾರು ಸಾವಿರ ಆಗುತ್ತದೆಂದೂ ವಿವರಿಸಿದ. ದೇವಣ್ಣ ಎದ್ದು ನಿಂತು ಕೈಮುಗಿದ.

“ನಂಗೆ ಇಂಡಿಕೇಟ್ರು ಎಲ್ಲದೆ ಅಂತ್ಲೂ ಗೊತ್ತಿಲ್ಲ ಸಾ. ಅವ್ಳ ಕಾರು, ಅವ್ಳನ್ನೇ ಕೇಳಿ.”

ಶಿವನಂಜಮ್ಮ ‘ಅದೆಂಗೆ?’ ಎಂದರು. ಹೊಸ ಕೀ ಬೇಕೆಂದರೆ ಹಳೆಯ ಬೀಗ ಏಕೆ ಹೋಗಬೇಕು? ಹೇಮಂತ್ ನಕ್ಕ. “ಅದೆಲ್ಲ ಕಂಪ್ಯೂಟರ್ ಮೇಡಂ, ಹೇಳಿದ್ರೂ ನಿಮಗೆ ಅರ್ಥ ಆಗಲ್ಲ” ಎಂದ.

ಕಣ್ಣಿಗೆ ಕಾಣದ ಗರ್ಭಕೋಶವನ್ನು ಬೆರಳ ತುದಿಯಿಂದಲೇ ಓದಿ ‘ಮೂರು ತಿಂಗಳು’ ಎಂದು ತಪ್ಪದೆ ಹೇಳಬಲ್ಲ ಹೆಂಗಸಿಗೆ, ಸೀಮೆಯ ರೈತರೆಲ್ಲ ಕೈಹಿಡಿದು ಕರೆದೊಯ್ಯುವ ಹೆಂಗಸಿಗೆ, ಒಂದು ಕೀ ಅರ್ಥವಾಗುವುದಿಲ್ಲವೆಂಬ ಮಾತು! ಎರಡನೆಯ ‘ಅದೆಂಗೆ’ಯೂ ಮೂರನೆಯ ‘ಅದೆಂಗೆ’ಯೂ ಅಲ್ಲಿ ನಿಷ್ಫಲವಾದವು. ಬೀಗ ಬದಲಾಯಿಸಲು ಕಾರಣವೇನೆಂದು ಬರೆದುಕೊಡಿ ಎಂದದ್ದಕ್ಕೆ ಹಾಗೆಲ್ಲ ಕೊಡುವ ಪದ್ಧತಿಯಿಲ್ಲ ಎಂಬ ಉತ್ತರ ಬಂತು. ಅವರು ಕೆಂಡವಾಗಿ ಊರಿಗೆ ಮರಳಿದರು. ಆದರೆ ಆ ಮಾತನ್ನು ನಂಬಿದ್ದರು, ಅದೇ ಆದ ತಪ್ಪು. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರ ಕೊಡೆ, ಬೀಗ ರಿಪೇರಿ ಮಾಡುವ ಮಹದೇವಸ್ವಾಮಿ ಈಗ ಕಾರಿನ ಕೀಯನ್ನೂ ಮಾಡುತ್ತಾನಂತೆ ಎಂದು ದೇವಣ್ಣ ಅಂದೇ ರಾಗವೆಳೆದಿದ್ದ. ಕಂಪನಿಯವರಿಂದಲೇ ಆಗದ್ದು ಕೊಡೆ ರಿಪೇರಿಯವನಿಂದ ಆಗುತ್ತದೆಯೇ ಎಂದು ಇವರೇ ಅವನ ಬಾಯಿ ಮುಚ್ಚಿಸಿದ್ದರು. ಹಾಗೆ ಒಂದು ವರ್ಷ ಸರಿಯಿತು.

ಕಾಲುಬಾಯಿ ರೋಗದ ಲಸಿಕೆಯ ದಿನಗಳು. ಲೊಕ್ಕನಹಳ್ಳಿಯ ಬಯಲಿನಲ್ಲಿ ಬೆಳಗ್ಗೆ ಏಳರಿಂದಲೇ ದನಗಳು ಸಾಲುಗಟ್ಟಿದ್ದವು. ಸೂಜಿ ಚುಚ್ಚುವಾಗ ಬೆದರಿದ ಎತ್ತೊಂದು ಹಿಂದಕ್ಕೆ ನುಗ್ಗಿತು. ಶಿವನಂಜಮ್ಮ ಬಾಗಿ ಪಕ್ಕಕ್ಕೆ ಸರಿದಾಗ ಜೇಬಿನಿಂದ ಜಾರಿದ ಕೀ ನೇರವಾಗಿ ಗೊರಸಿನಡಿಗೆ ಬಿತ್ತು. ಕಪ್ಪು ಪ್ಲಾಸ್ಟಿಕ್ಕು ಎರಡು ಹೋಳಾಯಿತು. ಲೋಹದ ಎಸಳು ನೆಟ್ಟಗಿತ್ತಾದ್ದರಿಂದ ಪ್ಲಾಸ್ಟರು ಸುತ್ತಿ ಜೇಬಿಗಿಟ್ಟುಕೊಂಡರು. ಕೆಲಸ ಮುಗಿಸಿ ಬಂದು ಕೀ ತಿರುಗಿಸಿದರೆ ಇಂಜಿನ್ನು ಒಂದು ಸಲ ಗುರ್ರೆಂದು ಆರಿತು. ಮತ್ತೆ ಗುರ್ರೆಂದು, ಮತ್ತೆ ಆರಿತು. ಎದುರಿನ ಫಲಕದಲ್ಲಿ ಕೀಯ ಚಿತ್ರದ ಕೆಂಪು ದೀಪ ಮಿನುಗತೊಡಗಿತು. ಪ್ಲಾಸ್ಟಿಕ್ಕಿನೊಳಗೆ ಕಡಲೆಬೇಳೆಯಷ್ಟು ಗಾತ್ರದ ಎಲೆಕ್ಟ್ರಾನಿಕ್ ಚಿಪ್ಪೊಂದು ಇರುತ್ತದೆಂದೂ, ಅದನ್ನು ಗುರುತಿಸಿದರೆ ಮಾತ್ರ ಕಾರು ಓಡುತ್ತದೆಂದೂ ಅವರಿಗೆ ಯಾರೂ ಹೇಳಿರಲಿಲ್ಲ. ‘ಅರ್ಥ ಆಗಲ್ಲ’ ಎಂದವನು ಹೇಳಬೇಕಾಗಿದ್ದದ್ದು ಅಷ್ಟನ್ನೇ. ಸರ್ವಿಸ್ ಸೆಂಟರಿಗೆ ಫೋನು ಮಾಡಿದಾಗ ಚಿಪ್ಪಿನ ವಿಷಯ ತಿಳಿಯಿತು. ಜೊತೆಗೆ, ಗಾಡಿಯನ್ನು ಮೈಸೂರಿಗೆ ಎಳೆಸಿಕೊಂಡು ಬನ್ನಿ, ಇಪ್ಪತ್ತಾರು ಸಾವಿರ, ಮೂರು ವಾರ ಎಂಬ ಹಳೆಯ ಪಾಠವೂ. ದನ ಹೊಡೆದುಕೊಂಡು ಬಂದವರೆಲ್ಲ ಬಯಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸಗಣಿ, ಧೂಳನ್ನೆಲ್ಲ ಜಾಲಾಡಿದರು. ಒಬ್ಬರು ಹುರುಳಿಕಾಳು ತಂದು ತೋರಿಸಿದರು, ಒಬ್ಬರು ಉಣ್ಣೆಹುಳು. ಚಿಪ್ಪು ಸಿಗಲಿಲ್ಲ.

ಆ ಹೊತ್ತಿಗೆ ಬಂಡಳ್ಳಿಯಿಂದ ಕರೆ ಬಂತು. ಅಲ್ಲಿನ ಪರೀಕ್ಷಕರು ರಜೆಯಲ್ಲಿದ್ದುದರಿಂದ ಆ ವಾರ ಆ ಊರಿನ ಹೊಣೆಯೂ ಇವರದೇ. ರಾಣಿ ಎಂಬಾಕೆಯ ಹಸುವಿಗೆ ಬೆಳಗಿನಿಂದ ನೋವು. ಕರುವಿನ ಮುಂಗಾಲು ಕಾಣುತ್ತಿತ್ತು, ತಲೆ ಬರುತ್ತಿರಲಿಲ್ಲ. ತಲೆ ಹಿಂದಕ್ಕೆ ಹೊರಳಿದೆ ಎಂಬುದು ಶಿವನಂಜಮ್ಮನವರಿಗೆ ಕೇಳುತ್ತಲೇ ಅರಿವಾಯಿತು. ಬೇಗ ಹೋದರೆ ಐದು ನಿಮಿಷದ ಕೆಲಸ. ಕಾರಿದ್ದಿದ್ದರೆ ಮುಕ್ಕಾಲು ಗಂಟೆಯ ದಾರಿ. ಆ ಹೊತ್ತಿನಲ್ಲಿ ಬಾಡಿಗೆಗೆ ಒಂದು ಆಟೋವಾಗಲಿ, ಕೇಳಿ ಪಡೆಯಲು ಒಂದು ಬೈಕಾಗಲಿ ಸಿಗಲಿಲ್ಲ. ಹಾಲಿನ ಟೆಂಪೋ ಹತ್ತಿ ಹನೂರಿಗೆ ಬಂದು, ಅಲ್ಲಿ ಬಸ್ಸಿಗೆ ಕಾದು, ನಿಲ್ದಾಣದಿಂದ ಹೊಲದ ಮನೆಗೆ ಓಡುನಡಿಗೆಯಲ್ಲಿ ತಲುಪುವಾಗ ಕರೆ ಬಂದು ಮೂರು ಗಂಟೆ ಕಳೆದಿತ್ತು.

ತೋಳು ಒಳಗಿಟ್ಟು ತಲೆಯನ್ನು ತಿರುಗಿಸಿದರು. ಬೆರಳನ್ನು ಕರುವಿನ ಬಾಯೊಳಗಿಟ್ಟರೆ ಅದು ಚೀಪಲಿಲ್ಲ. ಹೊರಗೆ ಬಂದದ್ದು ತುಂಬಿ ಬೆಳೆದ ಹೆಣ್ಣುಕರು, ಹಣೆಯ ಮೇಲೆ ಬಿಳಿಯ ಬೊಟ್ಟು. ಹಸು ಬದುಕಿತು; ಎದ್ದು ನಿಂತು ಸತ್ತ ಕರುವನ್ನೇ ನೆಕ್ಕತೊಡಗಿತು. ರಾಣಿ ಬಿಸಿನೀರು ತಂದು ಅವರ ಕೈಗೆ ಹೊಯ್ದಳು.

“ಬಸ್ ತಡ ಆಯ್ತಾ ಅವ್ವಾ? ಏನೂ ಉಣ್ದೆ ಬಂದಿದ್ದೀರಿ ಅಂತ ಕಾಣ್ತದೆ, ವಸಿ ಮಜ್ಜಿಗೆ ಕುಡೀರಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮಜ್ಜಿಗೆಯನ್ನು ಹೇಗೆ ಕುಡಿದೆನೋ ತಿಳಿಯದು ಎಂದು ಶಿವನಂಜಮ್ಮ ಇಂದಿಗೂ ಹೇಳುತ್ತಾರೆ.

ಮರುದಿನ ಮುಂಜಾನೆ ಮಹದೇವಸ್ವಾಮಿಯ ಅಂಗಡಿ ಬಾಗಿಲು ತೆರೆಯುವುದಕ್ಕೆ ಮೊದಲೇ ಅವರು ಅಲ್ಲಿದ್ದರು. ಮೆಟ್ಟಿಲಿನ ಕೆಳಗೆ ಗೂಡಿನಂಥ ಜಾಗ, ತೂಗುಬಿಟ್ಟ ಕೊಡೆಗಳು. ಅವನು ಮೊದಲು ಕೇಳಿದ್ದು ಆರ್‌ಸಿ ಮತ್ತು ಆಧಾರ್. ಕಾರು ಯಾರ ಹೆಸರಿನಲ್ಲಿದೆ ಎಂದು ನೋಡಿ, ಅವರ ಮುಖವನ್ನೂ ನೋಡಿ, ಪುಸ್ತಕದಲ್ಲಿ ಬರೆದುಕೊಂಡ. ಯಜಮಾನರೆಲ್ಲಿ ಎಂದು ಕೇಳಲಿಲ್ಲ. ಹಳೆಯ ಎಸಳಿನ ಹಲ್ಲುಗಳನ್ನು ನೋಡಿಕೊಂಡು ಎರಡು ಹೊಸ ಎಸಳು ಕೊರೆದ. ಅವರನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಲೊಕ್ಕನಹಳ್ಳಿಗೆ ಹೋದ. ಸ್ಟಿಯರಿಂಗಿನ ಕೆಳಗೆ ಕೈಯಗಲದ ಯಂತ್ರವೊಂದರ ವೈರನ್ನು ಚುಚ್ಚಿ, ಹೊಸ ಚಿಪ್ಪುಗಳ ಗುರುತನ್ನು ಕಾರಿಗೆ ಕಲಿಸಿದ. ಇಪ್ಪತ್ತು ನಿಮಿಷ ಹಿಡಿಯಿತು. ಗುಂಡಿಗಳಿರುವ ರಿಮೋಟ್ ಕೀ ಒಂದು, ಗುಂಡಿಗಳಿಲ್ಲದ ಸಾದಾ ಕೀ ಒಂದು. ಬಂದುಹೋದ ಖರ್ಚೂ ಸೇರಿ ಐದೂವರೆ ಸಾವಿರ.

ಬೀಗಗಳನ್ನೆಲ್ಲ ಬದಲಾಯಿಸಬೇಕಲ್ಲವೇ ಎಂದು ಶಿವನಂಜಮ್ಮ ಕೇಳಿದರು.

“ಬೀಗ ಏನ್ ತಪ್ಪ್ ಮಾಡ್ತು ಅಂತ ಅದ್ನ ಬದಲಾಯ್ಸಾದು ಅವ್ವಾ?” ಎಂದ ಮಹದೇವಸ್ವಾಮಿ. “ಇದ್ದ ಕೀ ಕಳುವಾದ್ರೆ ಅದ್ರ ಗುರ್ತ ಅಳಿಸ್ಬೋದು, ಅಷ್ಟೆಯ. ಆ ಒಂದ್ ಕೀ ಜೀವಂತ ಇದ್ದಾಗ್ಲೇ ನೀವ್ ಬಂದಿದ್ರೆ, ಸಾದಾ ಕೀ ಒಂದೂವರೆ ಸಾವ್ರದಲ್ಲಿ ಮುಗ್ದೋಗದು.”

ಒಂದೂವರೆ ಸಾವಿರ. ಶಿವನಂಜಮ್ಮ ಕಾರಿನ ಬಾನೆಟ್ಟಿಗೆ ಎರಡೂ ಅಂಗೈ ಊರಿದರು. ಇಪ್ಪತ್ತಾರು ಸಾವಿರ ಕೇಳಿದ್ದಕ್ಕಿಂತ, ಆ ದೊಡ್ಡ ಸುಳ್ಳು ಈ ಸಣ್ಣ ಸತ್ಯವನ್ನು ಒಂದು ವರ್ಷ ತಮ್ಮಿಂದ ಮರೆಮಾಡಿತ್ತು ಎಂಬುದು ಅವರಿಗೆ ದೊಡ್ಡ ಮೋಸವಾಗಿ ಕಂಡಿತು. ಕೊಡೆ ರಿಪೇರಿಯವನೆಂದು ಹಳಿದ ತಮ್ಮ ನಾಲಗೆಯ ಮೇಲೂ ಅಷ್ಟೇ ಸಿಟ್ಟು ಬಂತು.

ಆ ವಾರವೇ ಮೈಸೂರಿಗೆ ಹೋಗಿ, ಮೇಜಿನ ಮೇಲೆ ಎರಡು ಕೀಗಳನ್ನೂ ರಶೀದಿಯನ್ನೂ ಇಟ್ಟು ನಿಂತರು. ಹೇಮಂತ್ ಮ್ಯಾನೇಜರನ್ನು ಕರೆದ. ಮ್ಯಾನೇಜರು ಸುರಕ್ಷತೆ, ಕಂಪನಿಯ ನಿಯಮ ಎಂದೆಲ್ಲ ಹೇಳಿದ. ಶಿವನಂಜಮ್ಮ ಅದನ್ನು ಪೂರ್ತಿ ಕೇಳಿಸಿಕೊಂಡರು. ಹೊಸ ಕೀಯೊಂದನ್ನು ಕಾರಿಗೆ ಕಲಿಸುವ ಯಂತ್ರ ನಿಮ್ಮಲ್ಲೂ ಇದೆಯೇ ಎಂದು ಕೇಳಿದರು. ಇದೆ ಎಂದ.

“ಬೀಗ ಬದಲಾಯ್ಸದ್ ಬ್ಯಾಡ ಅಂತ ನಿಮ್ಗೆ ಗೊತ್ತಿತ್ತಾ, ಗೊತ್ತಿರ್ಲಿಲ್ವಾ? ಗೊತ್ತಿದ್ರೆ ಅದು ಮೋಸ. ಗೊತ್ತಿಲ್ದಿದ್ರೆ ಈ ಕುರ್ಚಿ ನಿಮ್ಗಲ್ಲ. ಯಾವ್ದು ಅಂತ ನೀವೇ ಹೇಳಿ ಸಾ.”

ಮ್ಯಾನೇಜರು ಕಾರಿಗೆ ಉಚಿತವಾಗಿ ವಾಟರ್ ವಾಶ್ ಮಾಡಿಸಿಕೊಡುವುದಾಗಿ ಹೇಳಿದ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕರುವಿಗೆ ವಾಟರ್ ವಾಶು! ಶಿವನಂಜಮ್ಮ ತಿರುಗಿ, ಸೋಫಾಗಳಲ್ಲಿ ಕಾದು ಕೂತಿದ್ದವರಿಗೆಲ್ಲ ಕೇಳುವಂತೆ ನಡೆದದ್ದನ್ನು ಮೊದಲಿನಿಂದ ಹೇಳಿದರು. ಬಂಡಳ್ಳಿಯ ಕರುವಿನ ಸಾವನ್ನೂ ಬಿಡಲಿಲ್ಲ. ಮಧ್ಯದಲ್ಲಿ ಹೇಮಂತ್ ತಲೆ ತಗ್ಗಿಸಿದ್ದನ್ನು ಅವರು ಕಂಡರು, ಆದರೆ ನಿಲ್ಲಿಸಲಿಲ್ಲ.

ಚಾಮರಾಜನಗರದ ಗ್ರಾಹಕರ ಆಯೋಗದಲ್ಲಿ ಅವರ ದೂರು ಈಗಲೂ ಇದೆ. ಎದುರು ಪಕ್ಷದ ವಕೀಲರು ಎರಡು ಸಲ ಸಮಯ ಕೇಳಿದ್ದಾರೆ. ಎರಡೂ ಸಲ ಶಿವನಂಜಮ್ಮ ರಜೆ ಹಾಕಿ ಹೋಗಿದ್ದಾರೆ. ಪರಿಹಾರವೆಂದು ಕೇಳಿರುವುದು ಒಂದು ಹೆಣ್ಣುಕರುವಿನ ಬೆಲೆ, ಅದೂ ರಾಣಿಯ ಹೆಸರಿಗೆ. ರಾಣಿ ಬೇಡವೆಂದಳು, ಹೋದದ್ದು ಹೋಯಿತು ಎಂದಳು. ಇವರು ಕೇಳಲಿಲ್ಲ. ಅವಳ ಹಸು ಈಗ ಮತ್ತೆ ಗಬ್ಬವಾಗಿದೆ.

ಇಂಥವರನ್ನು ನಾವು ಜಗಳಗಂಟಿಯರೆಂದು ಕರೆದು, ಅವರು ಎದುರಾದರೆ ಓಣಿ ಬದಲಾಯಿಸುತ್ತೇವೆ. ಅವರ ದನಿ ಎತ್ತರ, ನೆನಪು ದೀರ್ಘ, ನಮ್ಮ ಸಂಕೋಚಗಳ ಬಗ್ಗೆ ಅವರಿಗೆ ಕಿಂಚಿತ್ತೂ ಕರುಣೆಯಿಲ್ಲ. ಆದರೆ ನಮ್ಮ ಸೀಮೆಯ ಜನ ಸುಲಭವಾಗಿ ಕ್ಷಮಿಸುವವರು. ನಷ್ಟವಾದಾಗ ಹಣೆಬರಹವೆಂದು ಕಣ್ಣೊರೆಸಿಕೊಂಡು, ತಡವಾಗಿ ಬಂದವರಿಗೂ ಮಜ್ಜಿಗೆ ಕೊಡುವವರು. ಆ ಒಳ್ಳೆಯತನವನ್ನೇ ನಂಬಿಕೊಂಡು ಎಷ್ಟೋ ಮೇಜುಗಳ ಹಿಂದೆ ಎಷ್ಟೋ ಸುಳ್ಳುಗಳು ನೆಮ್ಮದಿಯಾಗಿ ಸಂಬಳ ತಿನ್ನುತ್ತಿವೆ. ಕ್ಷಮಿಸಲು ಬಲ್ಲವರ ಪರವಾಗಿ ಕ್ಷಮಿಸದೆ ಉಳಿಯುವ ಕಷ್ಟದ ಕೆಲಸವನ್ನು ಊರಿಗೊಬ್ಬರಾದರೂ ಮಾಡಬೇಕಾಗುತ್ತದೆ. ಅವರ ಜೊತೆ ಬಾಳುವುದು ಸುಲಭವಲ್ಲ, ಅವರಿಲ್ಲದ ಊರಿನಲ್ಲಿ ಬಾಳುವುದು ಇನ್ನೂ ಕಷ್ಟ.