ದೋಣಿಯ ತಳದಲ್ಲಿ ಉಳಿದ ನೀರು

ಮೋಟಾರು ದೋಣಿಗೆ ವರ್ಷವರ್ಷ ಸರ್ಕಾರದ ಸ್ಟಿಕ್ಕರ್ ಕೊಳ್ಳಬೇಕು ಎಂದರೆ ನಮ್ಮ ಬಾರ್ನೆಟ್ ಕೆರೆಯ ಸುತ್ತ ಗೊಣಗದವರು ಕಡಿಮೆ. ವಸಂತದಲ್ಲಿ ಕೆರೆಯ ಮೇಲಿನ ಹಿಮ ಕರಗಿದ ಕೂಡಲೇ ಇದು ಶುರುವಾಗುತ್ತದೆ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಅದೇ ಮಾತು, ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರದ ಬೀನ್ಸ್ ಊಟಕ್ಕೆ ಕೂತಾಗಲೂ ಅದೇ ಮಾತು. ಎಲ್ಲರಿಗಿಂತ ಜೋರಾಗಿ ಗೊಣಗುತ್ತಿದ್ದವನು ನಾನೇ. ನನ್ನ ಹೆಸರು ವಿನ್ಸ್ಲೋ ಟಿಬೆಟ್ಸ್, ಊರಿಗೆಲ್ಲ ವಿನ್. ಬೇಸಿಗೆಯಲ್ಲಿ ನಮ್ಮ ಮೇನ್ ರಾಜ್ಯಕ್ಕೆ ಬರುವ ಪಟ್ಟಣದವರನ್ನು ಮೀನು ಹಿಡಿಯಲು ಕರೆದೊಯ್ಯುವುದು ಮೂವತ್ತು ವರ್ಷ ನನ್ನ ಕಸುಬಾಗಿತ್ತು. ಈ ಕೆರೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ.

ನನ್ನದು ಸೀಡರ್ ಹಲಗೆಯ ದೋಣಿ. ಹೆಂಡತಿ ಆರ್ಲೀನಳ ಅಪ್ಪ ತನ್ನ ಕೈಯಾರೆ ಕಟ್ಟಿದ್ದು. ಹುಟ್ಟು ಹಾಕುವುದೇ ಹೆಚ್ಚು, ಹಿಂದೆ ಹೆಸರಿಗೆ ಒಂದು ಪುಟ್ಟ ಮೋಟಾರು. ಮರದ ದೋಣಿಗೆ ಒಂದು ಗುಣವಿದೆ: ಒಣಗಿದರೆ ಹಲಗೆಗಳು ಕುಗ್ಗಿ ಸಂದು ಬಿಡುತ್ತವೆ, ನೀರಿಗಿಳಿಸಿದರೆ ಜರಡಿಯಾಗುತ್ತದೆ. ಅದಕ್ಕೇ ಕಾರಿನ ಹಿಂದೆ ಕಟ್ಟಿದ ಗಾಡಿಯ ಮೇಲೆ ಸಾಗಿಸುವಾಗ ತಳದಲ್ಲಿ ನಾಲ್ಕು ಬೆರಳು ನೀರು ಬಿಟ್ಟು, ಮೇಲೆ ಒದ್ದೆ ಗೋಣಿತಾಟು ಹಾಸುವುದು ನಮ್ಮ ಕಡೆಯ ಹಳಬರ ರೂಢಿ. ಮಾವ ಹಾಗೇ ಮಾಡುತ್ತಿದ್ದ. ನಾನೂ ಹಾಗೇ ಮಾಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ದೋಣಿ ಇಳಿಸುವ ಕಟ್ಟೆಗೆ ಹೋದಾಗ ಕ್ಲೋಡೆಟ್ ಅಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ನಾವು ಒಂದೇ ತರಗತಿಯಲ್ಲಿ ಓದಿದವರು. ಕೆರೆಯ ಬಡಗಣ ಕೊಲ್ಲಿಯಲ್ಲಿ ಅವಳಿಗೆ ತಾಯಿಯಿಂದ ಬಂದ ನಾಲ್ಕು ಕ್ಯಾಬಿನ್‌ಗಳಿದ್ದವು. ಬೇಸಿಗೆಯಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಬರುವ ಸಂಸಾರಗಳಿಗೆ ಬಾಡಿಗೆ ಕೊಡುತ್ತಿದ್ದಳು. ಅವಳ ಜೀವನ ನಡೆಯುತ್ತಿದ್ದದ್ದು ಅದರಿಂದಲೇ. ಶನಿವಾರ ಮಾತ್ರ ಈ ಕಟ್ಟೆಯ ಮೇಲೆ ಕೂತು, ನೀರಿಗಿಳಿಯುವ ದೋಣಿಗಳನ್ನು ತಪಾಸಣೆ ಮಾಡುತ್ತಿದ್ದಳು.

"ಸ್ಟಿಕ್ಕರ್ ಎಲ್ಲಪ್ಪಾ ವಿನ್?" ಎಂದಳು.

"ಎದುರುಗಾಳಿ ಬಂದ್ರೆ ಮಾತ್ರ ಮೋಟಾರು ಹಾಕೋದು ನಾನು. ಗಾಳಿಗೂ ಸರ್ಕಾರಕ್ಕೆ ಕಾಸು ಕೊಡ್ಬೇಕಾ?"

"ಗಾಳಿಗಲ್ಲ ಮಾರಾಯ, ನೀರಲ್ಲಿ ಹಬ್ಬೋ ಕಳೆಗೆ. ಆ ದುಡ್ಡಲ್ಲೇ ಕಟ್ಟೆ ಮೇಲೆ ಕಾಯೋರನ್ನ ಇಡೋದು. ಕಳೆ ಎಲ್ಲಾದ್ರೂ ಬಂದ್ರೆ ನೀರೊಳಗೆ ಮುಳುಗಿ ಕೀಳೋರನ್ನ ಕಳ್ಸೋದೂ ಅದ್ರಲ್ಲೇ. ನಮ್ಮ ಕೆರೆಗೆ ದುಡ್ಡು ಸಾಲ್ದೆ ತಾನೆ ನಾನು ಸಂಬಳ ಇಲ್ದೆ ಇಲ್ಲಿ ಕೂತು ಸೊಳ್ಳೆ ಕೈಲಿ ಕಚ್ಚಿಸ್ಕೊಳ್ತಿರೋದು."

"ನಮ್ಮ ಕೆರೇಲಿ ಕಳೆ ಎಲ್ಲಿದೆ?"

"ಇಲ್ವಲ್ಲ, ಅದಕ್ಕೇ ಈಗ ಕೊಡು ಅನ್ನೋದು."

"ಬಾತುಕೋಳಿಗಳು ಹತ್ತು ಕೆರೆ ಸುತ್ಕೊಂಡು ಬರ್ತವೆ. ಅವುಗಳ ಅಂಡಿಗೂ ಸ್ಟಿಕ್ಕರ್ ಅಂಟಿಸ್ತೀಯಾ?"

ಅಲ್ಲಿದ್ದ ನಾಲ್ಕು ಜನ ನಕ್ಕರು. ಕ್ಲೋಡೆಟ್ ಕೂಡ ನಕ್ಕಳು. ಆಮೇಲೆ, "ಬಾತುಕೋಳಿ ದೋಣಿ ಕಟ್ಕೊಂಡು ರಸ್ತೆ ಮೇಲೆ ಬರಲ್ಲ ಕಣೋ. ಆ ಕಳೆ ಒಂದು ಬೆರಳುದ್ದ ತುಂಡು ಸಾಕು, ಬಿದ್ದಲ್ಲಿ ಬೇರು ಬಿಡತ್ತೆ. ಒದ್ದೆ ಇದ್ರೆ ದಿನಗಟ್ಲೆ ಬದುಕಿರತ್ತೆ. ಒಂದ್ಸಲ ಬೇರು ಬಿಟ್ರೆ ಕಿತ್ತಷ್ಟೂ ಬರತ್ತೆ" ಎಂದಳು. ನಾನು ಆಗಲಿ ಆಗಲಿ ಎಂದು ತಲೆಯಾಡಿಸಿ ದೋಣಿ ಇಳಿಸಿದೆ. ಸ್ಟಿಕ್ಕರ್ ಕೊಳ್ಳಲಿಲ್ಲ. ಎರಡು ಬೀನ್ಸ್ ಊಟದಷ್ಟು ದುಡ್ಡು. ಅದಕ್ಕೆ ಅಷ್ಟು ಹಟ ಹಿಡಿದೆನಲ್ಲ ಎಂದು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಜುಲೈನಲ್ಲಿ ನಾನೂ ಆರ್ಲೀನಳೂ ದೋಣಿ ಕಟ್ಟಿಕೊಂಡು ತೆಂಕಣ ಸೀಮೆಯಲ್ಲಿರುವ ಭಾವಮೈದುನನ ಮನೆಗೆ ಹೋದೆವು. ಮೂರು ದಿನ ಅಲ್ಲಿನ ದೊಡ್ಡ ಕೆರೆಯಲ್ಲಿ ಮೀನು ಹಿಡಿದೆ. ಆ ಕೆರೆಯಲ್ಲಿ ಕಳೆ ಇದೆ ಎಂದು ದಡದಲ್ಲೇ ಬೋರ್ಡು ಹಾಕಿದ್ದರು. ಅದನ್ನು ಓದಿದೆ ಕೂಡ. ನೋಡಲು ಸಬ್ಬಸಿಗೆ ಸೊಪ್ಪಿನ ಹಾಗೆ ನಯವಾದ ಗಿಡ, ನೀರಿನೊಳಗೆ ಆಳೆತ್ತರ ಬೆಳೆದಿತ್ತು. ಹೊರಡುವಾಗ ಗಾಡಿಯ ಚಕ್ರಕ್ಕೆ ಸುತ್ತಿಕೊಂಡಿದ್ದನ್ನು ಕಿತ್ತೆಸೆದೆ. ಕಣ್ಣಿಗೆ ಕಂಡದ್ದನ್ನು ತೆಗೆದೆನಲ್ಲ, ಸಾಕು ಎಂದುಕೊಂಡೆ.

"ತಳದ ಬಿರಡೆ ಬಿಚ್ಚಿ ನೀರು ಸುರಿದುಬಿಡು. ಬೋರ್ಡಲ್ಲಿ ಬರೆದವ್ರೆ ನೋಡು" ಎಂದಳು ಆರ್ಲೀನ್.

"ಸುರಿದ್ರೆ ದಾರೀಲಿ ಹಲಗೆ ಬಿರೀತವೆ. ನಿಮ್ಮಪ್ಪ ಕಟ್ಟಿದ ದೋಣಿ ಕಣೇ ಇದು. ಹಾಳು ಮಾಡ್ಲಾ?"

ಅಪ್ಪನ ಹೆಸರೆತ್ತಿದರೆ ಅವಳು ಸುಮ್ಮನಾಗುತ್ತಾಳೆ ಎಂದು ನನಗೆ ಗೊತ್ತಿತ್ತು. ಕಾರು ಹತ್ತಿ ಕೂತಳು.

ಮರಳಿ ಬಂದದ್ದು ಶನಿವಾರ ಬೆಳಗ್ಗೆ. ಆರ್ಲೀನಳನ್ನು ಮನೆಯಲ್ಲಿಳಿಸಿ ನೇರ ದೋಣಿಕಟ್ಟೆಗೆ ಹೋದೆ, ಅಲ್ಲಿ ಕ್ಲೋಡೆಟ್ ಇದ್ದಳು. ನನ್ನ ದೋಣಿಯ ಸುತ್ತ ಒಂದು ಸುತ್ತು ಬಂದು, ಗಾಡಿಯ ಕೆಳಗೆ ಬಗ್ಗಿ ನೋಡಿ, "ಎಲ್ಲಿತ್ತು ದೋಣಿ ಇಷ್ಟು ದಿನ?" ಎಂದು ಕೇಳಿದಳು.

ನಿಜ ಹೇಳಿದರೆ ನೀರು ಸುರಿಸಿ ದೋಣಿಯೆಲ್ಲ ತೊಳೆಸುತ್ತಾಳೆ. ಸ್ಟಿಕ್ಕರ್ ಇನ್ನೂ ಇಲ್ಲವಲ್ಲ ಎಂದು ಎಲ್ಲರೆದುರು ಕಾಲೆಳೆಯುತ್ತಾಳೆ. ಬಿಸಿಲೇರುವ ಮೊದಲು ಟ್ರೌಟ್ ಮೀನು ಗಾಳ ಕಚ್ಚುವ ಹೊತ್ತು ಬೇರೆ ಮೀರುತ್ತಿತ್ತು.

"ಕೊಟ್ಟಿಗೇಲಿತ್ತು. ಇನ್ನೆಲ್ಲಿರತ್ತೆ?" ಎಂದೆ.

"ಹಾಗಾದ್ರೆ ಇಳ್ಸು. ಮಧ್ಯಾಹ್ನ ಮನೆ ಕಡೆ ಬಾ, ಬ್ಲೂಬೆರಿ ಪೈ ಮಾಡಿದೀನಿ."

ಗೋಣಿತಾಟು ಎತ್ತಿ ನೋಡಲಿಲ್ಲ ಅವಳು. ನನ್ನ ಮಾತು ನಂಬಿದಳು. ಮಧ್ಯಾಹ್ನ ಅವಳ ಕೊಲ್ಲಿಗೆ ಹೋಗಿ ನೀರಿಗಿಳಿಯುವ ಅವಳ ಮೆಟ್ಟಿಲಿಗೇ ದೋಣಿ ಕಟ್ಟಿದೆ. ಅವಳು ಒಳಗೆ ಕಾಫಿ ಬಗ್ಗಿಸುತ್ತಿದ್ದಳು. ನಾನು ಹಳೇ ಡಬ್ಬದಲ್ಲಿ ತಳದ ನೀರನ್ನೆಲ್ಲ ತೋಡಿ ಕೆರೆಗೆ ಚೆಲ್ಲಿದೆ, ಗೋಣಿತಾಟು ಹಿಂಡಿದೆ. ಹಿಂಡುವಾಗ ಒಂದು ಹಸಿರು ಎಳೆ ಬೆರಳಿಗೆ ಸುತ್ತಿಕೊಂಡಿತು. ಕೊಡವಿದೆ. ಕೈ ಒರೆಸಿಕೊಂಡು ಒಳಗೆ ಹೋಗಿ ಪೈ ತಿಂದೆ.

ಮಾರನೆಯ ವರ್ಷ ಆಗಸ್ಟಿನಲ್ಲಿ ಕಳೆಯನ್ನು ಮೊದಲು ಕಂಡವಳು ಕ್ಲೋಡೆಟ್ಟೇ. ಅವಳ ಮೆಟ್ಟಿಲ ಬುಡದಲ್ಲಿ ಒಂದು ಚಾಪೆಯಷ್ಟು ಜಾಗದಲ್ಲಿ ಹಬ್ಬಿತ್ತು. ಕೆರೆ ಸಂಘಕ್ಕೆ ಫೋನು ಮಾಡಿದಳು. ಮುಳುಗುವವರು ಇರುವುದೇ ಒಂದು ತಂಡ, ಸುತ್ತಲಿನ ಕೆರೆಗಳಿಗೆಲ್ಲ ಅವರೇ. ಸ್ಟಿಕ್ಕರ್ ದುಡ್ಡು ಕೂಡಿದಷ್ಟೇ ಅವರ ಕೆಲಸದ ದಿನಗಳು. ಆ ವರ್ಷದ ದಿನಗಳು ಆಗಲೇ ಮುಗಿದಿದ್ದವು. ಬರುವ ಜೂನ್‌ವರೆಗೆ ಕಾಯಿರಿ ಎಂದರು.

ಕಳೆ ಕಾಯಲಿಲ್ಲ. ಜೂನ್‌ನಲ್ಲಿ ತಂಡ ಬಂದು ನೋಡುವಾಗ ಅರ್ಧ ಕೊಲ್ಲಿ ತುಂಬಿತ್ತು. ಅವರು ಮುಳುಗಿ ಬೇರು ಸಮೇತ ಕೀಳುತ್ತಿದ್ದರು. ನಾವು ಕೆಲವರು ದೋಣಿಗಳಲ್ಲಿ ನಿಂತು, ತೇಲಿ ಬಂದ ತುಂಡುಗಳನ್ನು ಬಲೆಯಲ್ಲಿ ಬಾಚಿ ಚೀಲಕ್ಕೆ ತುಂಬುತ್ತಿದ್ದೆವು. ಒಂದು ತುಂಡು ತಪ್ಪಿಸಿಕೊಂಡರೂ ಇನ್ನೊಂದು ಕಡೆ ಬೇರು. ನಾನು ಒಂದು ಶನಿವಾರವೂ ತಪ್ಪಿಸಲಿಲ್ಲ.

"ನೀನೊಬ್ಬನೇ ನೋಡು ವಿನ್, ಪ್ರತಿ ವಾರ ಬರೋನು. ನಿನ್ನ ಋಣ ಹೇಗೆ ತೀರಿಸ್ಲಿ?" ಎಂದಳು ಕ್ಲೋಡೆಟ್ ಒಂದು ದಿನ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಆ ಬೇಸಿಗೆ ಅವಳ ಕ್ಯಾಬಿನ್‌ಗೆ ಬಂದವರ ಮಕ್ಕಳು ನೀರಿಗಿಳಿದು ಕಾಲಿಗೆ ಕಳೆ ಸುತ್ತಿಕೊಂಡು ಕಿರುಚುತ್ತಾ ದಡಕ್ಕೆ ಬಂದವು. ಹತ್ತೊಂಬತ್ತು ವರ್ಷದಿಂದ ತಪ್ಪದೆ ಬರುತ್ತಿದ್ದ ಸಂಸಾರವೊಂದು, ಮುಂದಿನ ವರ್ಷ ಸಮುದ್ರದ ಕಡೆ ನೋಡುತ್ತೇವೆ ಎಂದು ತಲೆ ತಗ್ಗಿಸಿ ಹೇಳಿ ಹೋಯಿತು. ಚಳಿಗಾಲದ ಹೊತ್ತಿಗೆ ನಾಲ್ಕರಲ್ಲಿ ಒಂದಕ್ಕೂ ಮುಂದಿನ ಬೇಸಿಗೆಗೆ ಗಿರಾಕಿ ನಿಗದಿಯಾಗಿರಲಿಲ್ಲ. ಮಾರಾಟಕ್ಕಿದೆ ಎಂಬ ಹಲಗೆಯನ್ನು ಅವಳು ತಾನೇ ಮೊಳೆ ಹೊಡೆದು ಹಾಕಿದಳಂತೆ.

ಅದನ್ನು ಕೇಳಿದ ದಿನ ಆರ್ಲೀನ್‌ಗೆ ಎಲ್ಲ ಹೇಳಿದೆ. ಕಟ್ಟೆಯ ಮೇಲೆ ಆಡಿದ ಸುಳ್ಳು, ಬೆರಳಿಗೆ ಸುತ್ತಿದ ಎಳೆ, ಎಲ್ಲ.

"ಬೇರೆ ಯಾರ ದೋಣಿಯಿಂದಾದ್ರೂ ಬಂದಿರಬೋದು" ಎಂದಳು.

"ಅವಳ ಮೆಟ್ಟಿಲ ಬುಡದಲ್ಲೇ ಶುರುವಾಗಿದ್ದು."

"ಹಾಗಾದ್ರೆ ಹೋಗಿ ಹೇಳು. ನನ್ನ ಹತ್ರ ಹೇಳಿ ಹಗುರ ಮಾಡ್ಕೋಬೇಡ."

ಹೋಗಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಲೇ ಮಾರ್ಚ್ ಬಂತು. ಮಾರ್ಚ್ ಎಂದರೆ ಶಾಲೆಯ ಆಟದ ಹಾಲ್‌ನಲ್ಲಿ ನಮ್ಮೂರ ಸಭೆ. ರಸ್ತೆಯ ಹಿಮ ಬಾಚುವುದರಿಂದ ಹಿಡಿದು ಎಲ್ಲದಕ್ಕೂ ಊರವರು ಕೈ ಎತ್ತಿಯೇ ತೀರ್ಮಾನ ಮಾಡಬೇಕು. ಆ ಸಲ ಹೊಸದೊಂದು ವಿಷಯವಿತ್ತು. ಬೇಸಿಗೆಯ ಏಳೂ ದಿನ ಕಟ್ಟೆಯ ಮೇಲೆ ಸಂಬಳದವರನ್ನು ನಿಲ್ಲಿಸಬೇಕು, ಸ್ಟಿಕ್ಕರ್ ಇಲ್ಲದ ದೋಣಿಯನ್ನು ನೀರಿಗೆ ಬಿಡಬಾರದು.

ಟ್ರಕ್ಕು ರಿಪೇರಿ ಮಾಡುವ ಹಾರ್ಲನ್ ಪ್ರ್ಯಾಟ್ ಎದ್ದು ನಿಂತ. "ಬಂದಿದ್ದು ಬಂದಾಯ್ತು. ಇನ್ಯಾಕೆ ಈ ದಂಡ? ತಂದಿದ್ದು ಬಾತುಕೋಳಿಗಳು. ಅವುಗಳ ಅಂಡಿಗೆ ಅಂಟಿಸಿ ಸ್ಟಿಕ್ಕರ್ನ" ಎಂದ.

ಸಭೆ ಪೂರ್ತಿ ನಕ್ಕಿತು. ಆ ಕುಚೋದ್ಯ ನನ್ನದೇ. ಮೂರು ವರ್ಷದಲ್ಲಿ ಊರೆಲ್ಲ ತಿರುಗಿ ಎಲ್ಲರದೂ ಆಗಿತ್ತು. ಮೂರನೇ ಸಾಲಿನಲ್ಲಿ ಕೋಟಿನ ಗುಂಡಿ ಹಾಕಿಕೊಂಡು ಕೂತಿದ್ದ ಕ್ಲೋಡೆಟ್ ಮಾತ್ರ ನಗಲಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು ನನಗೆ. ಎದ್ದೆ, ಆದರೆ ಹೋಗಲಿಲ್ಲ.

"ಬಾತುಕೋಳಿ ಅಲ್ಲ ಹಾರ್ಲನ್, ನಾನು" ಎಂದೆ. "ತೆಂಕಣದ ಕೆರೆಯಿಂದ ತಳದಲ್ಲಿ ನೀರು ತುಂಬ್ಕೊಂಡು ಬಂದೆ. ಕ್ಲೋಡೆಟ್ ಕೇಳಿದ್ಲು, ಸುಳ್ಳು ಹೇಳ್ದೆ. ಆ ನೀರನ್ನ ಅವಳ ಮೆಟ್ಟಿಲ ಹತ್ರಾನೇ ಚೆಲ್ಲಿದೆ. ಸ್ಟಿಕ್ಕರ್ರೂ ತಗೊಂಡಿರ್ಲಿಲ್ಲ."

ಇನ್ನೂ ಏನೋ ಹೇಳಬೇಕೆಂದಿದ್ದೆ. ಅಷ್ಟಕ್ಕೇ ನಿಲ್ಲಿಸಿ ಕೂತೆ. ಒಪ್ಪುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದಾಗ ಸಭೆಯ ಮುಕ್ಕಾಲು ಪಾಲು ಕೈಗಳು ಮೇಲೆದ್ದವು. ಹಾರ್ಲನ್ ಕೂಡ ಅರ್ಧ ಎತ್ತಿದ.

ಹೊರಗೆ ಹಿಮ ಬೀಳುತ್ತಿತ್ತು. ಕ್ಲೋಡೆಟ್ ತನ್ನ ಕಾರಿನ ಗಾಜು ಒರೆಸುತ್ತಿದ್ದಳು. ಬೈಯಲಿ ಎಂದುಕೊಂಡೇ ಹತ್ತಿರ ಹೋದೆ.

"ಯಾಕೆ ಸುರೀಲಿಲ್ಲ ವಿನ್ ಆ ನೀರನ್ನ?" ಎಂದಳು.

"ಹಲಗೆ ಬಿರಿಯತ್ತೆ ಅಂತ."

ಅವಳು ಒರೆಸುವುದನ್ನು ನಿಲ್ಲಿಸಿದಳು. "ಅಷ್ಟೇನಾ? ಆ ಕೆರೆ ನೀರು ಅಲ್ಲೇ ಚೆಲ್ಲಿ, ಗೋಣಿ ಎಸೆದು, ತಳ ಚೆನ್ನಾಗಿ ತೊಳೆದು, ನಲ್ಲಿ ನೀರು ಎರಡು ಬಕೆಟ್ ಹಾಕಿದ್ರೆ ಆಗ್ತಿತ್ತಲ್ಲೋ. ಹಲಗೆಗೆ ಯಾವ ನೀರಾದ್ರೇನು? ನನಗೊಂದು ಮಾತು ಹೇಳಿದ್ರೆ ಹೇಳ್ಕೊಡ್ತಿದ್ದೆ."

ಕಾರು ಹತ್ತಿ ಹೋದಳು. ಏಪ್ರಿಲ್‌ನಲ್ಲಿ ಕ್ಯಾಬಿನ್‌ಗಳು ಬಂದ ಬೆಲೆಗೆ ಹೋದವು. ಈಗ ಪೋರ್ಟ್‌ಲ್ಯಾಂಡ್‌ನಲ್ಲಿ ತಂಗಿಯ ಮನೆಯ ಮಹಡಿಯಲ್ಲಿದ್ದಾಳೆ. ಕ್ರಿಸ್‌ಮಸ್‌ಗೆ ಆರ್ಲೀನ್ ಹೆಸರಿಗೆ ಕಾರ್ಡು ಬರುತ್ತದೆ. ನನ್ನ ಹೆಸರು ಇರುವುದಿಲ್ಲ, ಇರಬೇಕು ಎಂದು ಕೇಳುವ ಮುಖವೂ ನನಗಿಲ್ಲ.

ದೋಣಿ ಇರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಕೆರೆಯಿಂದ ದೋಣಿ ಎತ್ತಿದ ಜಾಗದಲ್ಲೇ ಬಿರಡೆ ಬಿಚ್ಚಿ ಕೊನೆಯ ಹನಿಯವರೆಗೆ ಸುರಿಯಿರಿ. ಅಂಟಿದ ಎಲೆ, ನಾರು, ಕೆಸರು ಕಿತ್ತು ಕಸದ ಬುಟ್ಟಿಗೆ ಹಾಕಿ, ನೀರಿಗಲ್ಲ. ನಲ್ಲಿ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಮರದ ದೋಣಿಯಾದರೆ ತೊಳೆದ ಮೇಲೆ ಮನೆಯ ನೀರು ತುಂಬಿಕೊಳ್ಳಿ. ಕಟ್ಟೆಯ ಮೇಲೆ ತಪಾಸಣೆಯವರು ನಿಲ್ಲಿಸಿದರೆ ಸಿಡುಕಬೇಡಿ, ಅವರು ಕಾಯುತ್ತಿರುವುದು ನಿಮ್ಮದೇ ಕೆರೆಯನ್ನು. ಇನ್ನು ಸ್ಟಿಕ್ಕರ್. ನಿಮ್ಮ ಕೆರೆಗೆ ಕಳೆ ಇನ್ನೂ ಬಂದಿಲ್ಲವಾದರೆ ಅದನ್ನು ಕೊಳ್ಳಲು ಇದೇ ಹೊತ್ತು, ಇವತ್ತೇ ಕೊಳ್ಳಿ. ನಾನೂ ಕೊಂಡೆ, ಈಗ ಪ್ರತಿ ವರ್ಷ ತಪ್ಪದೆ ಕೊಳ್ಳುತ್ತೇನೆ. ಮೊದಲ ಸಲ ಕೊಂಡದ್ದು ಮಾತ್ರ ಕಳೆ ಬಂದ ಮೇಲೆ.