ಬರ್ಕೊಂಡ್ಯಾ?

'ಕೋಡ್ ಕಳಿಸಲಾಗಿದೆ' ಎಂದು ಕಂಪ್ಯೂಟರ್ ಪರದೆಯ ಮೇಲೆ ಬಂದಾಗ ಲೇಖಕ ತನ್ನ ಮೊಬೈಲನ್ನು ಎತ್ತಿ, ಅಲ್ಲಾಡಿಸಿ, ಮತ್ತೆ ಮೇಜಿನ ಮೇಲಿಟ್ಟ. ಅದು ತುಟಿಪಿಟಕ್ಕೆನ್ನಲಿಲ್ಲ.

"ಯಾವ ನಂಬರಿಗೆ ಹೋಗಿದೆ ನೋಡ್ರಿ," ಎಂದಳು ಹೆಂಡತಿ.

ಚುಕ್ಕಿಗಳ ಸಾಲು, ಕೊನೆಯಲ್ಲಿ ಎರಡು ಅಂಕಿ. ಅವು ಅಣ್ಣನ ಫೋನಿನವು.

ತನ್ನ ಪುಸ್ತಕವನ್ನು ತಾನೇ ಅಚ್ಚು ಹಾಕಿಸುತ್ತೇನೆಂದು ಲೇಖಕ ಹೊರಟಾಗ ಪ್ರಕಾಶನವನ್ನು ನೋಂದಾಯಿಸಿಕೊಟ್ಟವನು ಬಣ್ಣದಂಗಡಿಯ ಅಣ್ಣ. ನಿನಗೆ ಮರೆವು, ಮೆಸೇಜು ನನಗೇ ಬರಲಿ ಎಂದು ತನ್ನ ನಂಬರನ್ನೇ ಬರೆದಿದ್ದ. ಹೋದ ವರ್ಷ ಪಕ್ಕದ ಕುರ್ಚಿಯಲ್ಲಿ ಕೂತು ಇದೇ ತೆರಿಗೆ ಫಾರಂ ತುಂಬಿಸಿದ್ದ. ಈ ವರ್ಷ ಆ ಕುರ್ಚಿಯಲ್ಲಿ ಪುಸ್ತಕದ ಕಟ್ಟುಗಳು ಕೂತಿದ್ದವು.

ಅದು ಎರಡನೆಯ ಪುಸ್ತಕ, ನೆಂಟರಿಷ್ಟರ ಮೇಲಿನ ನಗೆಬರಹ. ಒಂದು ಅಧ್ಯಾಯ ಪೂರ್ತಿ ಅಣ್ಣನದು. ಫೋನಿನಲ್ಲಿ ಏನು ಹೇಳಿದರೂ ಎರಡೆರಡು ಸಲ ಹೇಳಿ, ಬಾಲಕ್ಕೆ 'ಬರ್ಕೊಂಡ್ಯಾ?' ಎಂದು ಗಂಟು ಹಾಕುವುದು ಅವನ ಅಭ್ಯಾಸ. ಸಾವಿನ ಸುದ್ದಿ ತಿಳಿಸುವಾಗಲೂ 'ಬೆಳಗ್ಗೆ ಹೋದ್ರು, ಬೆಳಗ್ಗೆ, ಬರ್ಕೊಂಡ್ಯಾ?' ಬಿಡುಗಡೆಯ ದಿನ ಲೇಖಕ ಅದನ್ನು ಅಣ್ಣನ ದನಿಯಲ್ಲೇ ಓದಿದ. ಸಭೆ ಹೊಟ್ಟೆ ಹಿಡಿದುಕೊಂಡಿತು. ಮುಂದಿನ ಸಾಲಿನಲ್ಲಿದ್ದ ಅಣ್ಣನೂ ನಕ್ಕ. ಉಳಿದವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದ. ಆಮೇಲೆ ಅವನಿಂದ ಫೋನು ಬರಲಿಲ್ಲ.

ಗ್ರಂಥಾಲಯದವರು ಐನೂರು ಪ್ರತಿ ಕೇಳಿದ್ದರು. ತೆರಿಗೆ ಸಲ್ಲಿಸಿದ ರಸೀದಿ ಇವತ್ತು ಕಚೇರಿ ಮುಚ್ಚುವುದರೊಳಗೆ ತಲುಪದಿದ್ದರೆ ಆರ್ಡರು ಬೇರೆಯವರಿಗೆ. ಮಂಚದ ಕೆಳಗೆ, ಬಾಗಿಲ ಹಿಂದೆ, ಫ್ರಿಜ್ಜಿನ ಮೇಲೆ ಪುಸ್ತಕ. ಮನೆಯವರೆಲ್ಲ ಅಡ್ಡಡ್ಡ ನಡೆಯಲು ಕಲಿತಿದ್ದರು. ಇವು ಹೋಗದಿದ್ದರೆ ಮೂರನೆಯ ಪುಸ್ತಕದ ಮಾತೇ ಎತ್ತಬೇಡಿ ಎಂದು ಹೆಂಡತಿ ಹೇಳಿಯಾಗಿತ್ತು.

"ಕರ ಕಟ್ಟೋಕೂ ಕರ ಮುಗೀಬೇಕಾ," ಎಂದು ಲೇಖಕ ಗೊಣಗಿದ.

"ಮುಗೀರಿ," ಎಂದಳು ಹೆಂಡತಿ, ನಗದೆ.

ನಂಬರು ಒತ್ತಿದ. ಅಣ್ಣನ "ಹಲೋ" ಕೇಳಿದ್ದೇ ತಡ, ಲೇಖಕನ ಸ್ವಂತ ದನಿ ಎಲ್ಲೋ ಅವಿತುಕೊಂಡಿತು. ಬಾಯಿಂದ ಹೊರಬಂದದ್ದು ಮೂಗಿನಲ್ಲಿ ಮಾತಾಡುವ ಯಾವನೋ ಅಧಿಕಾರಿ. ತೆರಿಗೆ ಕಚೇರಿಯಿಂದ ಕರೆ ಮಾಡುತ್ತಿದ್ದೇವೆ, ತಮಗೊಂದು ಕೋಡು ಬಂದಿರಬೇಕಲ್ಲ, ದಯವಿಟ್ಟು ಓದಿ. ಹೆಂಡತಿ ಹಣೆ ಚಚ್ಚಿಕೊಂಡಳು.

"ಯಾರಿಗೂ ಹೇಳ್ಬೇಡಿ ಅಂತ ಅದ್ರಲ್ಲೇ ಬರ್ದಿದೆಯಲ್ಲ ಸ್ವಾಮಿ," ಎಂದು ಅಣ್ಣ ಫೋನಿಟ್ಟ.

ಕೋಡಿನ ಅವಧಿ ಮುಗಿಯಿತು. ಇನ್ನೊಂದೇ ಸಲ ಕಳಿಸಬಹುದು, ತಪ್ಪಿದರೆ ನಾಳೆ ಪ್ರಯತ್ನಿಸಿ ಎಂದಿತು ಪರದೆ. ಹೆಂಡತಿ ತಾನೇ ಗುಂಡಿ ಒತ್ತಿ, ತಾನೇ ಫೋನು ಮಾಡಿ ಅವನ ಕಿವಿಗಿಟ್ಟಳು.

"ಅಣ್ಣಾ, ನಾನು."

"ಗೊತ್ತು. ಆಗ್ಲೂ ಗೊತ್ತಿತ್ತು." ಎಂದ ಅಣ್ಣ. "ಎಂಟು ಮೂರು ಸೊನ್ನೆ ನಾಲ್ಕು ನಾಲ್ಕು ಏಳು."

ಒಂದೇ ಉಸಿರು, ಒಂದೇ ಸಲ. ಬಾಲವಿಲ್ಲ. ಲೇಖಕನ ಬೆರಳು ಸೊನ್ನೆಯ ಹತ್ತಿರ ನಿಂತುಬಿಟ್ಟಿತು. ಕಿವಿ ಎರಡನೆಯ ಸಲಕ್ಕೆ ಕಾಯುತ್ತಿತ್ತು. ಬುದ್ಧಿ ಬಂದಾಗಿನಿಂದ ಕಾದು ಅಭ್ಯಾಸ. ಆ ಕಡೆ ಬಣ್ಣದ ಡಬ್ಬಿ ಕುಲುಕುವ ಯಂತ್ರದ ಸದ್ದು. ಈ ಕಡೆ ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಇಳಿಯುತ್ತಿದ್ದವು.

"ಸಿಗ್ಲಿಲ್ಲ ಅಣ್ಣಾ."

"ಹೇಳಿದ್ನಲ್ಲ."

"ನೀನು ಹೇಳೋ ಹಾಗೆ ಹೇಳ್ಲಿಲ್ಲ."

ಯಂತ್ರ ನಿಂತಿತು. "ಈಗ ಹಾಗೆ ಹೇಳಲ್ಲ ನಾನು. ಗಿರಾಕಿಗಳೂ ನಗ್ತಾರೆ."

ಊರವರ ದನಿಯೆಲ್ಲ ಬರುತ್ತಿದ್ದ ಲೇಖಕನಿಗೆ ಈ ಒಂದು ಮಾತಿಗೆ ಯಾವ ದನಿಯೂ ಒದಗಲಿಲ್ಲ. "ನನಗೆ ಹಾಗೇ ಬೇಕು," ಎಂದ. ಆ ದನಿಯ ಗುರುತು ಹೆಂಡತಿಗೂ ಹತ್ತಲಿಲ್ಲ.

ಸೆಕೆಂಡುಗಳು ಕೆಂಪಾದವು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಎಂಟು," ಎಂದ ಅಣ್ಣ. "ಎಂಟು." ಮತ್ತೆ ಮೆಲ್ಲಗೆ, ಪಕ್ಕದವರಿಗೆ ಕೇಳದ ಹಾಗೆ, "ಬರ್ಕೊಂಡ್ಯಾ?"

"ಬರ್ಕೊಂಡೆ."

"ಮೂರು. ಮೂರು."

ರಸೀದಿ ಬರುವಷ್ಟರಲ್ಲಿ ಅಣ್ಣ ಫೋನಿಟ್ಟಿದ್ದ. ಪುಟ ಮುಚ್ಚುವ ಮುನ್ನ ಪರದೆ ಇನ್ನೊಂದು ಪ್ರಶ್ನೆ ಕೇಳಿತು: ನೋಂದಾಯಿತ ಮೊಬೈಲ್ ಸಂಖ್ಯೆಯನ್ನು ಬದಲಿಸಬೇಕೆ?

"ಬದಲಿಸಿಬಿಡಿ. ವರ್ಷಾ ವರ್ಷಾ ಈ ಗೋಳು ಯಾಕೆ," ಎಂದಳು ಹೆಂಡತಿ.

ಅವನು 'ಬೇಡ' ಒತ್ತಿದ. ಆಮೇಲೆ ಎದ್ದು, ಪಕ್ಕದ ಕುರ್ಚಿಯ ಮೇಲಿದ್ದ ಕಟ್ಟುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಸೀಟಿನ ಧೂಳನ್ನು ಅಂಗೈಯಿಂದ ಒರೆಸತೊಡಗಿದ.