ಗಾಡಿಗೊಂದು ಉಣ್ಣೆಯ ಅಂಗಿ

ದೂರದ ಗುಡ್ಡಗಾಡು ದೇಶದ ನರೀನ್ ಕಣಿವೆಯ ಒಂದು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಬುರುಲ್‌ಗೆ ಇವತ್ತು ಸೋಲಲು ಇಷ್ಟವಿರಲಿಲ್ಲ. ದೂರ ಅಳೆಯುವ ಸೆನ್ಸರ್, ಉದ್ದನೆಯ ಹಳಿ, ಅದರ ಮೇಲೋಡುವ ಪುಟ್ಟ ಗಾಡಿ ಇದ್ದ ಪೆಟ್ಟಿಗೆ ಇಂಥ ಮೂಲೆಯ ಶಾಲೆಗೆ ಬಂದದ್ದೇ ಪುಣ್ಯ. ಶಿಕ್ಷಣ ಇಲಾಖೆಯ ಕೆರಿಮ್‌ಕುಲ್ ಎದುರು ಪ್ರಯೋಗ ನಡೆದರೆ ಪೆಟ್ಟಿಗೆ ಇಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ನಗರದ ಶಾಲೆಗೆ ಹೋಗುತ್ತದೆ. ಬುರುಲ್ ಓದಿದ್ದೆಲ್ಲ ಕರಿಹಲಗೆಯ ಮೇಲೆ ಬರೆದ ಗಾಡಿಗಳನ್ನು ನೋಡಿಕೊಂಡು. ತನ್ನ ಶಾಲೆಯ ಮಕ್ಕಳಿಗೂ ಅದೇ ಗತಿ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೆರಿಮ್‌ಕುಲ್ ಬಂದು ಕೂತರು. ಬುರುಲ್ ಗಾಡಿಯನ್ನು ತಳ್ಳಿದಳು. ಗಾಡಿ ಓಡಿತು, ಗಾಡಿಯ ದೂರದ ಜೊತೆ ಏರಬೇಕಿದ್ದ ಕಂಪ್ಯೂಟರ್ ಪರದೆಯ ಗೆರೆ ಮಾತ್ರ ಎಮ್ಮೆಯ ಹಾಗೆ ಅಡ್ಡ ಮಲಗಿತ್ತು.

"ನಿನ್ನೆ ಸಂಜೆ ಸರಿಯಿತ್ತು ಬಾಯ್ಕೆ," ಎಂದಳು. ಹಿರಿಯ ಗಂಡಸರನ್ನು ಅಲ್ಲಿ ಹಾಗೇ ಕರೆಯುವುದು, ಹಿರಿಯ ಹೆಂಗಸರನ್ನು 'ಅಪಾ' ಎಂದು.

"ನಿನ್ನೆ ನಾನು ಬಂದಿರ್ಲಿಲ್ವಲ್ಲಮ್ಮ," ಎಂದು ಅವರು ಚಹಾ ಹೀರಿದರು.

ತಂತಿ ಬಿಚ್ಚಿ ಹಾಕಿದಳು. ಕಂಪ್ಯೂಟರ್ ಆರಿಸಿ ಮತ್ತೆ ಚಾಲೂ ಮಾಡಿದಳು. ಗೆರೆ ಜಪ್ಪಯ್ಯ ಅನ್ನಲಿಲ್ಲ. ಮುಖ್ಯೋಪಾಧ್ಯಾಯರು ಕಿವಿಯ ಹತ್ತಿರ ಬಂದು, "ಸಾಕು ಬಿಡು, ಮರ್ಯಾದೆಯಾಗಿ ಕಟ್ಟಿ ಕಳಿಸೋಣ," ಎಂದರು.

"ಕಟ್ಟೋದಾದ್ರೆ ಮೊದಲು ನನ್ನನ್ನ ಕಟ್ಟಿ," ಎಂದಳು ಬುರುಲ್.

ಮತ್ತೆ ಗಾಡಿ ಬಿಟ್ಟಳು. ಈ ಸಲ ಅದು ಹಳಿಯ ತುದಿ ದಾಟುವಂತಾಗಿ, ಅವಳು ಅಂಗೈಯನ್ನು ಅಡ್ಡ ಹಿಡಿದಳು. ಗೆರೆ ತಟ್ಟನೆ ಕೆಳಗೆ ಹಾರಿತು. ಸೆನ್ಸರಿಗೆ ಕೈ ಕಾಣುತ್ತದೆ, ಗಾಡಿ ಕಾಣುವುದಿಲ್ಲ! ಅದು ಶಬ್ದ ಕಳಿಸಿ, ತಟ್ಟಿ ಮರಳಿ ಬಂದದ್ದನ್ನು ಹಿಡಿದು ದೂರ ಹೇಳುವ ಯಂತ್ರ. ಇಷ್ಟು ಹೊತ್ತೂ ಅದು ಅಳೆದದ್ದು ಎದುರಿನ ಗೋಡೆಯನ್ನು.

ಬುರುಲ್ ಗಾಡಿಯನ್ನು ನೋಡಿದಳು. ಅದಕ್ಕೊಂದು ದಪ್ಪ ಉಣ್ಣೆಯ ಅಂಗಿ. ಪ್ರಯೋಗಾಲಯ ನೋಡಿಕೊಳ್ಳುವ ಮುದುಕಿ ತೊತುಯಾ ರಾತ್ರಿಯೆಲ್ಲ ಕೂತು, ಟಗರುಕೊಂಬಿನ ಕೆಂಪು ಚಿತ್ತಾರವಿಟ್ಟು, ಬೆಳಿಗ್ಗೆ ತಂದು, ಗುಂಡಿಯೂ ಇಲ್ಲದೆ ಗಾಡಿಯ ಮೇಲೇ ಬಿಗಿಯಾಗಿ ಹೊಲಿದಿದ್ದಳು. ಬೆಲೆಬಾಳುವುದನ್ನು ಅತಿಥಿಯ ಮುಂದೆ ಬರಿಮೈಲಿ ಇಡುವುದುಂಟೇ ಎಂಬುದು ಅವಳ ಲೆಕ್ಕ. ಬುರುಲ್ ಕೂಡ ಬಾಯ್ತುಂಬ ಹೊಗಳಿದ್ದಳು. ಶಬ್ದವನ್ನೆಲ್ಲ ಆ ಉಣ್ಣೆ ನುಂಗಿ ಕೂತಿತ್ತು.

ಈಗ ಹೇಳುವುದು ಹೇಗೆ? ಉಡುಗೊರೆಯನ್ನು ಅತಿಥಿಯ ಎದುರೇ ಕಿತ್ತೆಸೆದರೆ ಮುದುಕಿ ಮುಖ ಎತ್ತಿ ತಿರುಗುವ ಹಾಗಿಲ್ಲ. ಆದರೂ ಬುರುಲ್ ಹೇಳಿದಳು.

"ತೊತುಯಾ ಅಪಾ, ನಿಮ್ಮ ಉಣ್ಣೆ ಎಷ್ಟು ಒಳ್ಳೇದು ಅಂದ್ರೆ, ಶಬ್ದಾನೂ ಹೊರಗೆ ಬಿಡ್ತಿಲ್ಲ. ಯಂತ್ರಕ್ಕೆ ಗಾಡಿ ಕಾಣ್ತಿಲ್ಲ."

ಬಾಗಿಲ ಬಳಿ ಕೂತಿದ್ದ ತೊತುಯಾ ಎದ್ದು ಬಂದಳು. ಸೊಂಟದಿಂದ ಕತ್ತರಿ ತೆಗೆದು, ಟಗರುಕೊಂಬಿನ ನಡುವೆಯೇ ಕರಕರ ಕತ್ತರಿಸಿದಳು.

"ಅಯ್ಯೋ, ಹೊಲಿಗೆ ಬಿಚ್ಚಿದ್ರೆ ಸಾಕಿತ್ತಲ್ಲ!" ಎಂದರು ಕೆರಿಮ್‌ಕುಲ್.

"ಬಿಚ್ಚೋ ಹೊತ್ತಿಗೆ ನೀವು ಎದ್ದು ಹೋದ್ರೆ? ಕೊಂಬು ಮತ್ತೆ ಹೊಲೀತೀನಿ. ಈ ಪೆಟ್ಟಿಗೇನ ಒಯ್ದುಬಿಟ್ರೆ ಮತ್ತೆ ಯಾರು ಕೊಡ್ತಾರೆ ನಮಗೆ?"

ಬರಿಮೈ ಗಾಡಿಯನ್ನು ಬುರುಲ್ ತಳ್ಳಿದಳು. ಮಲಗಿದ್ದ ಗೆರೆ ಈಗ ಕೆಳಗಿನಿಂದ ಎದ್ದು ನೆಟ್ಟಗೆ ಏರಿತು.

ಕೆರಿಮ್‌ಕುಲ್ ಲೋಟ ಕೆಳಗಿಟ್ಟು, ತಾವೇ ಬಂದು ಗಾಡಿಯನ್ನು ಇನ್ನೊಮ್ಮೆ ತಳ್ಳಿ ನೋಡಿದರು. "ಇದು ಇಲ್ಲೇ ಇರ್ಲಿ," ಎಂದರು.

ಮುಖ್ಯೋಪಾಧ್ಯಾಯರು ಚಪ್ಪಾಳೆ ತಟ್ಟಿದರು. ಬುರುಲ್‌ಗೆ ಅದು ಕೇಳಿಸಲಿಲ್ಲ. ಅವಳು ನೆಲದ ಮೇಲೆ ಬಿದ್ದಿದ್ದ ಎರಡು ತುಂಡುಗಳನ್ನು ಎತ್ತಿಕೊಂಡು, ತೊತುಯಾಳನ್ನು ತಬ್ಬಿ ಅತ್ತಳು.